ಕ್ಯಾಸೆಟ್ಟಿನ ಎರಡು ಬದಿ, ಸೋಮವಾರದ ಮೂವತ್ತು ಹಾಡು

ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಊರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕ್ಯಾಸೆಟ್ ಅಂಗಡಿಯಿತ್ತು. ಆರಡಿ ಅಗಲದ ಆ ಕೋಣೆಯ ಗೋಡೆಗಳ ತುಂಬ ಕ್ಯಾಸೆಟ್‌ಗಳು, ಮೇಜಿನ ಮೇಲೊಂದು ಡಬಲ್ ಡೆಕ್ ಟೇಪ್ ರೆಕಾರ್ಡರ್, ಅದರ ಹಿಂದೆ ಎಲ್ಲರೂ ಕಾಕ ಎಂದು ಕರೆಯುತ್ತಿದ್ದ ಮಾಲಕರು. ಸಿನಿಮಾದ ಕ್ಯಾಸೆಟ್ ಕೊಳ್ಳಲು ದುಡ್ಡು ಸಾಲದವರು, ಕೊಂಡರೂ ಅದರಲ್ಲಿನ ಎರಡು ಹಾಡು ಮಾತ್ರ ಸಾಕೆನ್ನುವವರು ನೋಟ್‌ಬುಕ್ಕಿನ ಹಾಳೆಯಲ್ಲಿ ಪಟ್ಟಿ ಬರೆದುಕೊಂಡು ಅಲ್ಲಿಗೆ ಹೋಗುತ್ತಿದ್ದರು. ಪಟ್ಟಿ ಓದಿದ ಕಾಕ ಮೊದಲು ಕೇಳುತ್ತಿದ್ದುದು ಹಣವನ್ನಲ್ಲ. "ಇದು ಯಾರಿಗೆ, ಮೋನೇ?" ಎಂದು ಕೇಳುತ್ತಿದ್ದರು. ರಾತ್ರಿ ಬಸ್ಸಿನ ಡ್ರೈವರಿಗೆಂದರೆ ಪಟ್ಟಿಯಲ್ಲಿರುವ ನಿಧಾನದ ಹಾಡುಗಳಿಗೆ ಅಡ್ಡಗೆರೆ ಬೀಳುತ್ತಿತ್ತು. ಮದುವೆ ಮನೆಗೆಂದರೆ ವಿರಹದ ಹಾಡುಗಳು ಹೊರಗೆ. ಗಲ್ಫಿಗೆ ಕಳುಹಿಸುವುದೆಂದು ಹೇಳಿದರೆ ಮಾತ್ರ ಕಾಕ ಕುರ್ಚಿ ಎಳೆದು ಕುಳಿತುಕೊಳ್ಳುತ್ತಿದ್ದರು.

ಗಲ್ಫಿಗೆ ಹೋಗುವ ಕ್ಯಾಸೆಟ್ಟಿನ ಲೆಕ್ಕವೇ ಬೇರೆ. ಕರಾವಳಿಯ ಮನೆಗಳಿಗೆ ಟೇಪ್ ರೆಕಾರ್ಡರ್ ಬಂದದ್ದೇ ಗಲ್ಫಿನಿಂದ. ಮೊದಲ ರಜೆಗೆ ಬರುವ ಹುಡುಗ ಹೆಗಲಲ್ಲಿ ನ್ಯಾಷನಲ್ ಪ್ಯಾನಾಸೋನಿಕ್ ತೂಗಿಸಿಕೊಂಡೇ ಬರುತ್ತಿದ್ದ. ಅಕ್ಷರ ಬಾರದ ಉಮ್ಮಂದಿರು ಕಾಗದ ಬರೆಸುವ ಬದಲು ಅದರ ಮುಂದೆ ಕುಳಿತು ಮಾತಾಡಿ, ಆ ಕ್ಯಾಸೆಟ್ಟನ್ನು ಊರಿನಿಂದ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದರು. ಮಾತು ಒಂದು ಬದಿಯ ಅರ್ಧಕ್ಕೇ ಮುಗಿಯುತ್ತಿತ್ತು. ಉಳಿದ ಅರ್ಧಕ್ಕೂ ಇನ್ನೊಂದು ಬದಿಗೂ ಹಾಡು ತುಂಬಿಸಲು ಅದು ಕಾಕನ ಅಂಗಡಿಗೆ ಬರುತ್ತಿತ್ತು. ಎಸ್. ಎ. ಜಮೀಲರ ದುಬೈ ಕತ್ತು ಪಾಟ್ಟು, ಅದರ ಬೆನ್ನಿಗೆ ಒಂದು ರಫಿ, ಆಮೇಲೆ ಪಿ. ಬಿ. ಶ್ರೀನಿವಾಸ್, ನಡುವೆ ಒಂದು ಬುರ್ದಾ ಆಲಾಪ, ಕೊನೆಯಲ್ಲಿ ಯಾವುದೋ ಹೊಸ ಸಿನಿಮಾದ ಕುಣಿತದ ಹಾಡು. ಇಂತಹ ಸಾಲನ್ನು ಯಾವ ಕಂಪೆನಿಯೂ ಒಂದೇ ಕ್ಯಾಸೆಟ್ಟಿನಲ್ಲಿ ಹೊರತಂದಿರಲಾರದು. ಆದರೆ ಶಾರ್ಜಾದ ಒಂದು ಕೋಣೆಯಲ್ಲಿ ಎಂಟು ಜನರ ನಡುವೆ ಮಲಗುವ ಒಬ್ಬ ಹುಡುಗನ ಮಟ್ಟಿಗೆ ಅದರಲ್ಲಿ ಗೊಂದಲವೇನೂ ಇರಲಿಲ್ಲ. ಅವನು ಹುಟ್ಟಿ ಬೆಳೆದ ಮನೆಯ ಒಂದು ದಿನದಲ್ಲಿ ಕಿವಿಗೆ ಬೀಳುತ್ತಿದ್ದುದೇ ಅಷ್ಟು ಬಗೆಯ ಸದ್ದು.

ಈ ನೆನಪನ್ನು ಇಲ್ಲಿ ತೆಗೆಯಲು ಕಾರಣವಿದೆ. ಇತ್ತೀಚೆಗೆ ನಮ್ಮ ಪರಿಚಯದ ಕಾಲೇಜು ವಿದ್ಯಾರ್ಥಿಯೊಬ್ಬನೊಡನೆ ಮಾತಾಡುವಾಗ, ನೀನು ಯಾರ ಹಾಡು ಕೇಳುತ್ತಿ ಎಂದು ಕೇಳಿದೆವು. ಹೆಸರು ಗೊತ್ತಿಲ್ಲ, ಬರುವುದನ್ನು ಕೇಳುತ್ತೇನೆ ಎಂದ. ಮೊಬೈಲು ತೆರೆದು ತೋರಿಸಿದ. ಓದುವಾಗ ಕೇಳುವ ಹಾಡುಗಳು, ಮಳೆಯ ಸಂಜೆಯ ಹಾಡುಗಳು, ನಿದ್ದೆಯ ಹಾಡುಗಳು ಎಂದು ಸಾಲುಸಾಲು ಪಟ್ಟಿಗಳು. ಎಲ್ಲವೂ ಅವನಿಗಾಗಿಯೇ ತಯಾರಾದವು ಎಂದು ಮೇಲೆ ಬರೆದಿತ್ತು. ಅವುಗಳನ್ನು ತಯಾರಿಸಿದವರು ಯಾರು ಎಂಬ ನಮ್ಮ ಪ್ರಶ್ನೆ ಅವನಿಗೆ ವಿಚಿತ್ರವಾಗಿ ಕಂಡಿತು. "ಯಾರೂ ಅಲ್ಲ ಸರ್, ಅದೇ ಮಾಡ್ತದೆ" ಎಂದ.

ಅದು ಹೇಗೆ ಮಾಡುತ್ತದೆ ಎಂಬುದನ್ನು ತುಸು ನೋಡೋಣ. ಸ್ವೀಡನ್ನಿನಲ್ಲಿ 2006ರಲ್ಲಿ ಹುಟ್ಟಿದ ಸ್ಪಾಟಿಫೈ ಕಂಪೆನಿ 2015ರ ಜುಲೈಯಲ್ಲಿ ಡಿಸ್ಕವರ್ ವೀಕ್ಲಿ ಎಂಬುದನ್ನು ಆರಂಭಿಸಿತು. ಪ್ರತಿ ಸೋಮವಾರ ಪ್ರತಿಯೊಬ್ಬ ಬಳಕೆದಾರನಿಗೂ ಬೇರೆ ಬೇರೆ 30 ಹಾಡುಗಳು. ಭಾರತಕ್ಕೆ ಈ ಕಂಪೆನಿ ಬಂದದ್ದು 2019ರ ಫೆಬ್ರವರಿಯಲ್ಲಿ. ಇದರ ಮೂಲ ಉಪಾಯ ಸರಳ. ನೀವು ಕೇಳಿದ ಹಾಡುಗಳನ್ನು ಬೇರೆ ಯಾರೆಲ್ಲ ತಮ್ಮ ಪಟ್ಟಿಗಳಲ್ಲಿ ಸೇರಿಸಿಕೊಂಡಿದ್ದಾರೆ, ಆ ಪಟ್ಟಿಗಳಲ್ಲಿ ನೀವಿನ್ನೂ ಕೇಳದ ಯಾವ ಹಾಡುಗಳಿವೆ ಎಂದು ಹುಡುಕುವುದು. ಕೋಟಿಗಟ್ಟಲೆ ಜನ ತಮಗಾಗಿ, ತಮ್ಮವರಿಗಾಗಿ ಮಾಡಿಟ್ಟ ಪಟ್ಟಿಗಳನ್ನು ಒಂದರ ಮೇಲೊಂದು ಹಾಸಿ ನೋಡಿದರೆ ಜೊತೆಜೊತೆಯಾಗಿ ಬರುವ ಹಾಡುಗಳು ಕಾಣುತ್ತವೆ. ಹೊಸ ಹಾಡಿಗೆ ಇಂತಹ ಜೊತೆಗಾರರು ಇರುವುದಿಲ್ಲವಾದ್ದರಿಂದ ಅದರ ಸದ್ದನ್ನೇ ಅಳೆಯುವ ಇನ್ನೊಂದು ದಾರಿಯಿದೆ. ಲಯದ ವೇಗವೆಷ್ಟು, ಬಿರುಸೆಷ್ಟು, ಖುಷಿಯ ಪ್ರಮಾಣವೆಷ್ಟು ಎಂದು ಅಂಕಿ ಕೊಡುವ ಎಕೋ ನೆಸ್ಟ್ ಎಂಬ ಸಂಸ್ಥೆಯನ್ನು ಸ್ಪಾಟಿಫೈ 2014ರಲ್ಲಿ ಕೊಂಡಿತು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಯಂತ್ರದ ಬುದ್ಧಿ ಎಂದು ನಾವು ಬೆರಗಾಗುವುದರ ಕಚ್ಚಾ ಸಾಮಗ್ರಿ ಮನುಷ್ಯರು ಕೈಯಾರೆ ಮಾಡಿದ ಪಟ್ಟಿಗಳೇ. ಕಾಕನಂತಹ ಅಸಂಖ್ಯ ಜನರ "ಇದು ಯಾರಿಗೆ" ಎಂಬ ಪ್ರಶ್ನೆಯನ್ನು ತೆಗೆದುಹಾಕಿ, ಉತ್ತರವನ್ನು ಮಾತ್ರ ಉಳಿಸಿಕೊಂಡದ್ದು. ಮುಂದಿನ ತಲೆಮಾರು ಪಟ್ಟಿ ಮಾಡುವುದನ್ನೇ ಬಿಟ್ಟು ಬರುವುದನ್ನು ಕೇಳತೊಡಗಿದರೆ ಯಂತ್ರಕ್ಕೆ ತಿನ್ನಲು ಉಳಿಯುವುದು ಅದೇ ಬಡಿಸಿದ ಊಟ.

ಹಾಗೆಂದು ಅದರಿಂದ ಒಳ್ಳೆಯ ಹಾಡು ಸಿಗುವುದಿಲ್ಲ ಎಂದು ನಾವು ಹೇಳಲಾರೆವು. ಮಾಲಿ ದೇಶದ ತಿನಾರಿವೆನ್ ತಂಡದ ಗಿಟಾರು ನಮ್ಮ ಕಿವಿಗೆ ಮೊದಲು ಬಿದ್ದದ್ದು ಇಂತಹ ಒಂದು ಪಟ್ಟಿಯಿಂದಲೇ. ಮರುಭೂಮಿಯ ಆ ತುವಾರೆಗ್ ಹಾಡುಗಾರರನ್ನು ನಮಗೆ ತೋರಿಸಿದ್ದಕ್ಕೆ ಕೃತಜ್ಞತೆಯಿದೆ. ಆದರೆ ಮುಂದಿನ ವಾರಗಳಲ್ಲಿ ಏನಾಯಿತೆಂದರೆ ತಿನಾರಿವೆನ್‌ನಂತೆಯೇ ಕೇಳಿಸುವ ಹತ್ತು ತಂಡಗಳು ಒಂದರ ಹಿಂದೊಂದು ಬಂದವು. ಒಮ್ಮೆ ಊಟಕ್ಕೆ ಮೀನು ಹೊಗಳಿದ್ದಕ್ಕೆ ತಿಂಗಳಿಡೀ ಮೂರು ಹೊತ್ತೂ ಮೀನು ಬಡಿಸಿದ ನೆಂಟರ ಮನೆಯ ನೆನಪಾಯಿತು.

ಬೇರೆ ಬೇರೆ ಬಗೆಯ ಹಾಡುಗಳನ್ನು ಕೇಳುಗನಿಗಾಗಿ ಜೋಡಿಸುವುದು ಒಂದು ಕೆಲಸ. ಅದನ್ನು ಸಂಗೀತ ಎನ್ನಲಾಗದು, ಆದರೆ ಬರಿಯ ಸಂಗ್ರಹವೆಂದರೂ ತಪ್ಪು. ಇದರ ಅತ್ಯುತ್ತಮ ಮಾದರಿಯಾಗಿ ನಮಗೆ ಕಾಣುವುದು 1952ರಲ್ಲಿ ಅಮೆರಿಕದ ಫೋಕ್‌ವೇಸ್ ಕಂಪೆನಿ ಹೊರತಂದ ಒಂದು ಜನಪದ ಸಂಗೀತ ಸಂಕಲನ, ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್. ಇದನ್ನು ಮಾಡಿದವರು ಹ್ಯಾರಿ ಸ್ಮಿತ್. ಆಗ ಅವರಿಗೆ 29 ವರ್ಷ. ಚಿತ್ರ ಬರೆಯುವ, ಪ್ರಯೋಗದ ಸಿನಿಮಾ ಮಾಡುವ, ಬಾಡಿಗೆ ಕಟ್ಟಲು ಹಣವಿರದ ಮನುಷ್ಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಅರಗಿಗಾಗಿ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕರಗಿಸುತ್ತಿದ್ದಾಗ ಅವನ್ನು ಹುಡುಕಿ ಹುಡುಕಿ ಕೊಂಡವರು. ಕಷ್ಟ ಬಂದಾಗ ಆ ರಾಶಿಯನ್ನು ಮಾರಲು ಫೋಕ್‌ವೇಸಿನ ಮೋಸೆಸ್ ಆಶ್ ಅವರಲ್ಲಿಗೆ ಹೋದರು. ಬರೀ ಮಾರುವ ಬದಲು ಇದರಿಂದ ಒಂದು ಸಂಕಲನ ಮಾಡಿ ಎಂದು ಆಶ್ ಹೇಳಿದರು. 1926ರಿಂದ 1933ರ ನಡುವೆ ಮುದ್ರಣಗೊಂಡ 84 ಹಾಡುಗಳು, ಆರು ಎಲ್‌ಪಿ ತಟ್ಟೆಗಳು.

ಆ ಹಾಡುಗಳು ಮೊದಲು ಮಾರಾಟವಾದ ಬಗೆಯನ್ನು ತಿಳಿಯದೆ ಸ್ಮಿತ್ ಮಾಡಿದ್ದೇನೆಂದು ತಿಳಿಯುವುದಿಲ್ಲ. ಇಪ್ಪತ್ತರ ದಶಕದಲ್ಲಿ ಅಮೆರಿಕದ ರೆಕಾರ್ಡ್ ಕಂಪೆನಿಗಳು ಬಡವರ ಸಂಗೀತವನ್ನು ಎರಡು ಕಪಾಟುಗಳಲ್ಲಿ ಇಟ್ಟಿದ್ದವು. ಕಪ್ಪು ಜನರು ಹಾಡಿದ್ದು ರೇಸ್ ರೆಕಾರ್ಡ್ಸ್. ಗುಡ್ಡಗಾಡಿನ ಬಿಳಿಯ ಬಡವರು ಹಾಡಿದ್ದು ಹಿಲ್‌ಬಿಲಿ. ಕೊಲಂಬಿಯಾ ಕಂಪೆನಿಯಲ್ಲಿ ಮೊದಲನೆಯದಕ್ಕೆ 14000ದ ಸರಣಿ, ಎರಡನೆಯದಕ್ಕೆ 15000ದ ಸರಣಿ. ಬೇರೆ ಕ್ಯಾಟಲಾಗು, ಬೇರೆ ಜಾಹೀರಾತು. ಹಾಡುಗಾರರು ಒಬ್ಬರಿಂದೊಬ್ಬರು ಕಲಿತಿದ್ದರು, ಒಂದೇ ಹಾಡನ್ನು ಇಬ್ಬರೂ ಹಾಡುತ್ತಿದ್ದರು. ಅದು ಕಂಪೆನಿಯ ಗುಮಾಸ್ತನಿಗೆ ಬೇಕಿರಲಿಲ್ಲ. ಅವನಿಗೆ ಬೇಕಿದ್ದದ್ದು ಯಾರು ಏನನ್ನು ಕೊಳ್ಳುತ್ತಾರೆ ಎಂಬ ಅಂದಾಜು. ನಿಮ್ಮಂಥವರು ಕೇಳುವುದು ಇಂಥದ್ದನ್ನು ಎಂಬ ಲೆಕ್ಕಾಚಾರ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು.

ಸ್ಮಿತ್ ಈ ಎರಡು ಕಪಾಟುಗಳನ್ನು ಸುರುವಿಬಿಟ್ಟರು. ಸಂಕಲನವನ್ನು ಕಥನಗೀತೆಗಳು, ಸಮುದಾಯದ ಸಂಗೀತ, ಹಾಡುಗಳು ಎಂದು ಮೂರು ಭಾಗ ಮಾಡಿದರು. ಜೊತೆಗಿನ ಪುಸ್ತಿಕೆಯಲ್ಲಿ ಪ್ರತಿ ಹಾಡಿನ ಮುದ್ರಣದ ದಿನಾಂಕ, ಮೂಲ ತಟ್ಟೆಯ ನಂಬರು, ಕಥೆಯ ಸಾರ ಎಲ್ಲವೂ ಇವೆ. ಸಾರವನ್ನು ಪತ್ರಿಕೆಯ ತಲೆಬರಹದ ಧಾಟಿಯಲ್ಲಿ ಬರೆದಿರುವುದರಿಂದ ಓದುವಾಗ ನಗು ಬರುತ್ತದೆ. ಆದರೆ ಒಂದು ಮಾಹಿತಿಯನ್ನು ಅವರು ಬೇಕೆಂದೇ ಬಿಟ್ಟರು. ಹಾಡಿದವರು ಕಪ್ಪೋ ಬಿಳುಪೋ ಎಂಬುದು ಆ ಪುಸ್ತಿಕೆಯಲ್ಲಿ ಎಲ್ಲಿಯೂ ಇಲ್ಲ. ಪರಿಣಾಮವಾಗಿ ಮಿಸಿಸಿಪ್ಪಿ ಜಾನ್ ಹರ್ಟ್ ಎಂಬ ಕಪ್ಪು ಹಾಡುಗಾರರನ್ನು ಎಷ್ಟೋ ಜನ ಬಹುಕಾಲ ಗುಡ್ಡಗಾಡಿನ ಬಿಳಿಯರೆಂದೇ ನಂಬಿದ್ದರು. ಅಮೆರಿಕದ ಶಾಲೆಗಳಲ್ಲಿ, ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಬಣ್ಣದ ಗೆರೆ ಕಾನೂನಾಗಿದ್ದ 1952ರಲ್ಲಿ ಕಿವಿ ಆ ಗೆರೆಯನ್ನು ಗುರುತಿಸಲಾರದೆ ಹೋಯಿತು.

ಕಥನಗೀತೆಗಳ ಭಾಗದ ಕೊನೆಯನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಅಲ್ಲಿ ಅಧ್ಯಕ್ಷರ ಕೊಲೆಗಳಿವೆ, ರೈಲು ಅಪಘಾತವಿದೆ, ಟೈಟಾನಿಕ್ ಮುಳುಗುತ್ತದೆ. ಇತಿಹಾಸದ ದೊಡ್ಡ ಸುದ್ದಿಗಳೆಲ್ಲ ಆದ ಮೇಲೆ ಸ್ಮಿತ್ ಮೂರು ರೈತರ ಹಾಡುಗಳನ್ನು ಸಾಲಾಗಿ ಇಟ್ಟಿದ್ದಾರೆ. ಮೊದಲನೆಯದು ಬೆಂಟ್ಲಿ ಬಾಯ್ಸ್ ಎಂಬವರು ಹಾಡಿದ ಗೇಣಿದಾರನ ಗೋಳು. ಅದರ ಬೆನ್ನಿಗೆ ಹತ್ತಿಯನ್ನು ತಿನ್ನುವ ಹುಳದ ಬಗ್ಗೆ ಚಾರ್ಲಿ ಪ್ಯಾಟನ್ ಹಾಡುತ್ತಾರೆ. ಕಂಪೆನಿ ಕುತೂಹಲ ಹುಟ್ಟಿಸಲು ಅವರ ಹೆಸರು ಮರೆಮಾಚಿ ಮಾಸ್ಕ್ಡ್ ಮಾರ್ವೆಲ್ ಎಂದು ಅಚ್ಚು ಹಾಕಿತ್ತು. ಕೊನೆಗೆ ಕೆರೊಲಿನಾ ಟಾರ್ ಹೀಲ್ಸ್ ತಂಡದ, ಹೊಲದ ಸಹವಾಸ ಸಾಕಾಗಿ ಹೋದವನ ಹಾಡು. ಬಿಳಿಯರು, ಕಪ್ಪು ಮನುಷ್ಯ, ಮತ್ತೆ ಬಿಳಿಯರು. ಸದ್ದಿನ ಅಳತೆಯಲ್ಲಿ ಇವಕ್ಕೆ ಹೋಲಿಕೆ ಬಹಳ ಕಡಿಮೆ. ಪ್ಯಾಟನ್ನರ ಗಂಟಲು ಕೊರಕಲು ಕಲ್ಲಿನಂತಿದೆ. ಟಾರ್ ಹೀಲ್ಸ್ ಅವರದ್ದು ಹಗುರವಾದ, ನಗುವ ಧಾಟಿ. ಮೂರನ್ನೂ ಒಂದು ಮಾಡಿರುವುದು ಸಾಲ. ಗೇಣಿ ಕಟ್ಟಲಾರದವನು, ಬೆಳೆ ಹುಳದ ಪಾಲಾದವನು, ನೇಗಿಲು ಕೆಳಗಿಟ್ಟವನು ಒಂದೇ ಸಂಕಟದ ಮೂರು ಮನೆಗಳವರು. ಈ ಜೋಡಣೆಯನ್ನು ಲಯದ ವೇಗ ಅಳೆಯುವವರು ಮಾಡಲಾರರು. ಯಾರು ಯಾವುದನ್ನು ಕೊಂಡರು ಎಂದು ನೋಡುವವರಂತೂ ಮಾಡಲಾರರು, ಏಕೆಂದರೆ ಇವುಗಳನ್ನು ಒಟ್ಟಿಗೆ ಕೊಳ್ಳಬಲ್ಲ ಅಂಗಡಿಯೇ ಅವರಿಗೆ ಇರಲಿಲ್ಲ.

ಸಂಕಲನದ ಮುಂದಿನ ಕಥೆ ಅನೇಕರಿಗೆ ಗೊತ್ತು. ಬಾಬ್ ಡಿಲನ್, ಜೋನ್ ಬಯೆಜ್ ಮುಂತಾದವರ ತಲೆಮಾರು ಇದನ್ನು ಕೇಳಿ ಬೆಳೆಯಿತು. ಆ ಗುಂಪಿನ ಡೇವ್ ವ್ಯಾನ್ ರಾಂಕ್ ಎಂಬ ಹಾಡುಗಾರರು ಮುಂದೆ ನೆನಪಿಸಿಕೊಂಡ ಪ್ರಕಾರ, ಅದರ ಪ್ರತಿಯೊಂದು ಹಾಡಿನ ಪ್ರತಿಯೊಂದು ಮಾತೂ ಅವರಿಗೆಲ್ಲ ಬಾಯಿಪಾಠವಾಗಿತ್ತು, ದ್ವೇಷಿಸುತ್ತಿದ್ದ ಹಾಡುಗಳದ್ದು ಸಹ. ಇನ್ನು ಜಾನ್ ಹರ್ಟ್. 1928ರಲ್ಲಿ ಒಕೆ ಕಂಪೆನಿಗೆ ಹಾಡಿ, ತಟ್ಟೆಗಳು ಮಾರಾಟವಾಗದೆ, ಊರಿಗೆ ಮರಳಿ ಹೊಲದ ಕೆಲಸಕ್ಕೆ ನಿಂತಿದ್ದರು. ಅವರ ಇನ್ನೊಂದು ಹಾಡಿನಲ್ಲಿ ಅವಲಾನ್ ಎಂಬ ಊರಿನ ಹೆಸರು ಬರುತ್ತದೆ. ಅದನ್ನೇ ಹಿಡಿದು 1963ರಲ್ಲಿ ಅಭಿಮಾನಿಯೊಬ್ಬ ಮಿಸಿಸಿಪ್ಪಿ ರಾಜ್ಯದ ಆ ಊರಿಗೆ ಹೋದಾಗ ಅವರು ಅಲ್ಲಿಯೇ ಇದ್ದರು. ಅದೇ ವರ್ಷ ನ್ಯೂಪೋರ್ಟ್ ಉತ್ಸವದಲ್ಲಿ ಸಾವಿರಾರು ಜನರ ಮುಂದೆ ಹಾಡಿದರು. 1966ರಲ್ಲಿ ತೀರಿಕೊಂಡರು. ಅವರಿಗೆ ಸಿಕ್ಕಿದ್ದು ಮೂರು ವರ್ಷ.

ವ್ಯಾನ್ ರಾಂಕರ ಮಾತಿನಲ್ಲಿರುವ 'ದ್ವೇಷಿಸುತ್ತಿದ್ದ ಹಾಡು' ನಮ್ಮನ್ನು ತಡೆದು ನಿಲ್ಲಿಸುತ್ತದೆ. ಮೆಚ್ಚದ ಹಾಡು ಬಾಯಿಪಾಠವಾಗಲು ಕಾರಣ, ಎಲ್‌ಪಿಯಲ್ಲಿ ಅದು ಮೆಚ್ಚಿದ ಹಾಡಿನ ಪಕ್ಕದಲ್ಲಿತ್ತು, ಪ್ರತಿಸಲ ಎದ್ದು ಹೋಗಿ ಮುಳ್ಳು ಎತ್ತಿಡಲು ಸೋಮಾರಿತನ. ಕ್ಯಾಸೆಟ್ಟಿನಲ್ಲಂತೂ ಮುಂದಕ್ಕೆ ಓಡಿಸಿದರೆ ಬ್ಯಾಟರಿ ಮುಗಿಯುವ ಭಯ. ಹಾಗೆ ಸಹಿಸಿಕೊಂಡ ಹಾಡು ಇಪ್ಪತ್ತನೇ ಸಲಕ್ಕೋ ಐವತ್ತನೇ ಸಲಕ್ಕೋ ಒಂದು ದಿನ ಬಾಗಿಲು ತೆರೆಯುತ್ತದೆ. ನಮಗೆ ಕವ್ವಾಲಿ ಒಲಿದದ್ದು ಹೀಗೆ. ಹುಡುಗರಾಗಿದ್ದಾಗ ಅದರ ಚಪ್ಪಾಳೆ, ಒಂದೇ ಸಾಲನ್ನು ಹತ್ತು ಬಾರಿ ತಿರುಗಿಸುವ ರೀತಿ ತಲೆನೋವು ತರುತ್ತಿತ್ತು. ಆದರೆ ಸಾಬ್ರಿ ಸಹೋದರರ ಒಂದು ಕವ್ವಾಲಿ ಮುಗಿಯದೆ ನಮ್ಮ ಮೆಚ್ಚಿನ ಸಿನಿಮಾ ಹಾಡು ಬರುತ್ತಿರಲಿಲ್ಲ. ಅದನ್ನು ಅಲ್ಲಿ ಇಟ್ಟವರು ಕಾಕ. ಪಟ್ಟಿಯಲ್ಲಿ ಇರಲಿಲ್ಲವಲ್ಲ ಎಂದು ಜಗಳಕ್ಕೆ ಹೋದಾಗ, "ಇವತ್ತು ಬೈತಿ, ಇರಲಿ, ಅಳಿಸಬೇಡ" ಎಂದಷ್ಟೇ ಹೇಳಿದ್ದರು.

ಇಂದಿನ ಯಂತ್ರಕ್ಕೆ ಈ ಕಾಯುವಿಕೆ ತಿಳಿಯದು. ಹಾಡನ್ನು ನಡುವೆ ಬಿಟ್ಟು ಮುಂದೆ ಹೋದಿರಾ, ಅದು ನಿಮ್ಮ ಅಭಿಪ್ರಾಯವೆಂದು ದಾಖಲಾಗುತ್ತದೆ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಮಾತ್ರ ಹಾಡನ್ನು ಕೇಳಿದಂತೆ ಲೆಕ್ಕ, ಹಾಡಿದವರಿಗೆ ಹಣ. ಆದ್ದರಿಂದ ಆಲಾಪವಿಲ್ಲದೆ, ಮುನ್ನುಡಿಯಿಲ್ಲದೆ ನೇರವಾಗಿ ಪಲ್ಲವಿಗೆ ಧುಮುಕುವುದು ಹಾಡು ಕಟ್ಟುವವರಿಗೆ ಲಾಭದ ಲೆಕ್ಕ. 2024ರಿಂದ ಇನ್ನೊಂದು ನಿಯಮವೂ ಬಂತು. ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದ ಹಾಡಿನ ಮುದ್ರಣಕ್ಕೆ ಗೌರವಧನವಿಲ್ಲ. ಹರ್ಟರ 1928ರ ತಟ್ಟೆಗಳು ಇಂದು ಬಂದಿದ್ದರೆ ಆ ಗೆರೆ ದಾಟುತ್ತಿದ್ದವೇ ಎಂಬ ಅನುಮಾನ ನಮಗಿದೆ.

ಹಣದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡಬೇಕು. ಯಂತ್ರ ಕೆಟ್ಟದ್ದು, ಮನುಷ್ಯ ಒಳ್ಳೆಯವನು ಎಂಬ ಸರಳ ವಾದ ನಮ್ಮದಲ್ಲ. ಐವತ್ತರ ದಶಕದ ಕೊನೆಯಲ್ಲಿ ಅಮೆರಿಕದ ರೇಡಿಯೋ ನಿರೂಪಕರು ಕಂಪೆನಿಗಳಿಂದ ಲಂಚ ಪಡೆದು ಹಾಡು ಹಾಕುತ್ತಿದ್ದುದು ಬಯಲಾಗಿ ದೊಡ್ಡ ಹಗರಣವೇ ಆಯಿತು. ರಾಕ್ ಅಂಡ್ ರೋಲ್ ಸಂಗೀತವನ್ನು ಮನೆಮಾತಾಗಿಸಿದ ಅಲನ್ ಫ್ರೀಡ್ ಅದರಲ್ಲೇ ಮುಳುಗಿದರು. ಸ್ಪಾಟಿಫೈ 2020ರಲ್ಲಿ ಡಿಸ್ಕವರಿ ಮೋಡ್ ಎಂಬ ವ್ಯವಸ್ಥೆ ತಂದಿತು. ನಿಮ್ಮ ಹಾಡನ್ನು ಹೆಚ್ಚು ಜನರ ಕಿವಿಗೆ ತಲುಪಿಸುತ್ತೇವೆ, ಹಾಗೆ ಕೇಳಿಸಿದ್ದರ ಗೌರವಧನದಲ್ಲಿ ಶೇಕಡಾ 30 ಕಡಿತ ಮಾಡುತ್ತೇವೆ ಎಂಬುದು ಅದರ ಒಪ್ಪಂದ. ಮೇಜಿನ ಕೆಳಗೆ ನಡೆಯುತ್ತಿದ್ದದ್ದು ಈಗ ಮೇಜಿನ ಮೇಲೆ ನಡೆಯುತ್ತದೆ. ಲಿಜ್ ಪೆಲಿ ಎಂಬ ಪತ್ರಕರ್ತೆ 2025ರಲ್ಲಿ ಪ್ರಕಟವಾದ ಮೂಡ್ ಮಶೀನ್ ಎಂಬ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗುತ್ತಾರೆ. ಓದುವಾಗಿನ ಹಾಡು, ನಿದ್ದೆಯ ಹಾಡು ಮುಂತಾದ ಪಟ್ಟಿಗಳಲ್ಲಿ ಕಡಿಮೆ ಬೆಲೆಗೆ ತಯಾರಿಸಿದ, ಕಲಾವಿದರ ಹೆಸರೂ ನಿಜವಲ್ಲದ ಸಂಗೀತವನ್ನು ತುಂಬಿದ ಬಗೆಯನ್ನು ಅವರು ಬಿಡಿಸಿಟ್ಟಿದ್ದಾರೆ. ಹೆಸರು ಗೊತ್ತಿಲ್ಲ, ಬರುವುದನ್ನು ಕೇಳುತ್ತೇನೆ ಎಂದ ಹುಡುಗನ ಮಾತು ಈ ವ್ಯಾಪಾರಕ್ಕೆ ಎಷ್ಟು ಅನುಕೂಲವಾದದ್ದು!

ಕಾಕನ ವ್ಯಾಪಾರವೂ ಕಾನೂನಿನ ಕಣ್ಣಿಗೆ ಕಳ್ಳತನವೇ ಆಗಿತ್ತೆಂದು ಒಪ್ಪಿಕೊಳ್ಳೋಣ. ಹಾಡಿದವರಿಗೆ ಅಲ್ಲಿಂದ ಚಿಕ್ಕಾಸೂ ಹೋಗಲಿಲ್ಲ. ಸ್ಮಿತ್‌ರ ಸಂಕಲನವನ್ನೂ ಆಶ್ ಮೂಲ ಕಂಪೆನಿಗಳ ಅನುಮತಿ ಪಡೆಯದೆಯೇ ಹೊರತಂದಿದ್ದರು. ಅದು ಅಧಿಕೃತವಾಗಿ ಸಿಡಿ ರೂಪದಲ್ಲಿ ಬಂದದ್ದು 1997ರಲ್ಲಿ. ಸ್ಮಿತ್ ಆಯ್ದ ತಟ್ಟೆಗಳ ಹಿಂಬದಿಯ ಹಾಡುಗಳನ್ನೆಲ್ಲ 2020ರಲ್ಲಿ ಇನ್ನೊಂದು ಸಂಸ್ಥೆ ಹೊರತಂದಿತು. ಆಗ ಜನಾಂಗ ನಿಂದನೆಯ ಮಾತುಗಳಿದ್ದ ಮೂರು ಹಾಡುಗಳನ್ನು ಕೈಬಿಟ್ಟಿತು. ಇತಿಹಾಸವನ್ನು ಮುಚ್ಚಿಡಬಾರದೆಂದು ಕೆಲವರು, ಇವನ್ನು ಮತ್ತೆ ಯಾಕೆ ಕೇಳಿಸಬೇಕೆಂದು ಕೆಲವರು ವಾದಿಸಿದರು. ನಮಗೆ ಕೈಬಿಟ್ಟದ್ದು ಸರಿಯೆಂದೇ ತೋರುತ್ತದೆ. ಯಾರಿಗಾಗಿ ಎಂದು ಕೇಳಿಕೊಂಡವರು ಮಾತ್ರ ಹಾಗೆ ಕೈಬಿಡಬಲ್ಲರು, ಕೈಬಿಟ್ಟದ್ದಕ್ಕೆ ಹೆಸರು ಹಿಡಿದು ಬೈಸಿಕೊಳ್ಳಬಲ್ಲರು.

ಜನರ ಅಭಿರುಚಿಯನ್ನು ಎಣಿಸುವುದೇ ಪ್ರಜಾಪ್ರಭುತ್ವವಲ್ಲವೇ ಎಂದು ಕೆಲವರು ಕೇಳುತ್ತಾರೆ. ಬಿಬಿಸಿಯ ಜಾನ್ ಪೀಲ್ ಅವರ ಒಂದು ಪ್ರಸಂಗ ಇದಕ್ಕೆ ಉತ್ತರ ಕೊಡಬಹುದು. 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೆ ಅವರು ರೇಡಿಯೋ ಒನ್‌ನಲ್ಲಿ ರಾತ್ರಿ ಹಾಡು ಹಾಕುತ್ತಿದ್ದರು. ಪಂಕ್ ಸಂಗೀತದ ಗದ್ದಲ, ಜಮೈಕಾದ ರೆಗೆ, ಜಿಂಬಾಬ್ವೆಯ ಗಿಟಾರು, ಯಾರೋ ಹುಡುಗರು ಮನೆಯಲ್ಲೇ ಮಾಡಿ ಅಂಚೆಯಲ್ಲಿ ಕಳುಹಿಸಿದ ಟೇಪು ಎಲ್ಲವೂ ಒಂದೇ ರಾತ್ರಿಗೆ. ಕೆಲವೊಮ್ಮೆ ತಟ್ಟೆಯನ್ನು ತಪ್ಪು ವೇಗದಲ್ಲಿ ಹಾಕಿ ಕ್ಷಮೆ ಕೇಳುವುದೂ ಇತ್ತು. ತಮ್ಮ 50ನೇ ಹುಟ್ಟುಹಬ್ಬಕ್ಕೆ ಜಿಂಬಾಬ್ವೆಯ ಫೋರ್ ಬ್ರದರ್ಸ್ ತಂಡವನ್ನು ಮನೆಗೆ ಕರೆಸಿ ಹಾಡಿಸಿದ ಮನುಷ್ಯ. ವರ್ಷದ ಕೊನೆಯಲ್ಲಿ ಕೇಳುಗರ ಮತದಿಂದ ಐವತ್ತು ಹಾಡುಗಳ ಪಟ್ಟಿ ಮಾಡುವ ಪರಿಪಾಠ ಅವರದ್ದಾಗಿತ್ತು. ವರ್ಷವಿಡೀ ಇಷ್ಟೆಲ್ಲ ಬಗೆಯ ಸಂಗೀತ ಕೇಳಿದ ಅದೇ ಜನ ಮತ ಹಾಕುವಾಗ ಮಾತ್ರ ಗಿಟಾರು ಹಿಡಿದ ಬಿಳಿಯ ಹುಡುಗರಿಗೇ ಹಾಕುತ್ತಿದ್ದರು. ಇದರಿಂದ ಬೇಸತ್ತ ಪೀಲ್ 1991ರ ಪಟ್ಟಿಯನ್ನು ಆ ವರ್ಷ ಪ್ರಸಾರವನ್ನೇ ಮಾಡಲಿಲ್ಲ. 1993ರಲ್ಲಿ ಕಾರ್ಯಕ್ರಮಕ್ಕೊಂದರಂತೆ ತುಣುಕು ತುಣುಕಾಗಿ ಹಾಕಿ ಮುಗಿಸಿದರು. ಜನ ಸುಳ್ಳು ಹೇಳಿರಲಿಲ್ಲ. ಅವರ ಮೆಚ್ಚುಗೆಗಳನ್ನು ಕೂಡಿಸಿದಾಗ ಒಬ್ಬೊಬ್ಬರ ವಿಚಿತ್ರ ಮೆಚ್ಚುಗೆಗಳು ಉದುರಿಹೋಗಿ, ಎಲ್ಲರಿಗೂ ಸಮಾನವಾದದ್ದು ಮಾತ್ರ ಮೇಲೆ ತೇಲುತ್ತದೆ, ಅಷ್ಟೆ.

ನಮ್ಮ ದೇಶದಲ್ಲಿ ಇದಕ್ಕಿಂತ ಭಿನ್ನವಾದ ಒಂದು ಅನುಭವವಿದೆ. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕೀಳು ಅಭಿರುಚಿಯದ್ದೆಂಬ ಅಭಿಪ್ರಾಯವಿತ್ತು. ಆಕಾಶವಾಣಿಯಿಂದ ಅದು ಮರೆಯಾಯಿತು. ಜನರಿಗೆ ಒಳ್ಳೆಯದೇನೆಂದು ಮೇಲಿನಿಂದ ತೀರ್ಮಾನಿಸುವ ಆಯ್ಕೆಗಾರ ಹೇಗಿರುತ್ತಾನೆಂಬುದಕ್ಕೆ ಅದೊಂದು ಎಚ್ಚರಿಕೆ. ಕೇಳುಗರು ರೇಡಿಯೋದ ಕಿವಿ ತಿರುಗಿಸಿ ಸಿಲೋನಿಗೆ ಹೋದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತ್‌ಮಾಲಾ ಆರಂಭವಾಯಿತು. ಸೋತ ಆಕಾಶವಾಣಿ 1957ರಲ್ಲಿ ವಿವಿಧ ಭಾರತಿಯನ್ನು ತೆರೆಯಬೇಕಾಯಿತು. ಗೀತ್‌ಮಾಲಾ ಕೂಡ ಎಣಿಕೆಯ ಕಾರ್ಯಕ್ರಮವೇ, ಟೂತ್‌ಪೇಸ್ಟ್ ಕಂಪೆನಿಯ ಹಣದಲ್ಲಿ ನಡೆದದ್ದು. ಆದರೆ ಅಂಕಿಗಳ ನಡುವೆ ಸಯಾನಿ ಅವರ ಮಾತಿತ್ತು. ಸಹೋದರಿಯರನ್ನು ಮೊದಲು ಕರೆದು ಆಮೇಲೆ ಸಹೋದರರನ್ನು ಕರೆಯುವ ಆ ಧ್ವನಿ, ಹಿಂದಿ ಬಾರದ ನಮ್ಮ ಅಜ್ಜಿಗೂ ತನ್ನನ್ನೇ ಕರೆದಂತೆ ಕೇಳಿಸುತ್ತಿತ್ತು. ಫರ್ಮಾಯಿಷ್ ಕಾರ್ಯಕ್ರಮಗಳಲ್ಲಿ ಹಾಡಿಗಿಂತ ಮೊದಲು ಕೇಳಿದವರ ಹೆಸರು, ಊರು. ಝುಮ್ರಿ ತಿಲೈಯಾ ಎಂಬ ಗಣಿ ಊರು ದೇಶಕ್ಕೆಲ್ಲ ಪರಿಚಯವಾದದ್ದು ಅಲ್ಲಿಯವರು ಬರೆದ ಕಾಗದಗಳಿಂದ. ಅಪರಿಚಿತರೊಬ್ಬರು ಬಯಸಿದ ಹಾಡನ್ನು ನಾವು ಕೇಳುತ್ತಿದ್ದೇವೆ, ಅವರೂ ಈಗ ಕೇಳುತ್ತಿದ್ದಾರೆ ಎಂಬ ತಿಳಿವು ಆ ಹಾಡಿನ ಭಾಗವಾಗಿತ್ತು. ಪ್ರತಿಯೊಬ್ಬನಿಗೂ ಬೇರೆ ಬೇರೆಯಾಗಿ ಬಡಿಸುವ ಸೋಮವಾರದ 30 ಹಾಡುಗಳಲ್ಲಿ ಇಲ್ಲದಿರುವುದು ಇದು. ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನಮ್ಮ ಮನೆಯ ಮಕ್ಕಳಿಗೆ ಅವರು ಯಾರೆಂದು ವಿವರಿಸುವುದು ಕಷ್ಟವಾಯಿತು. ಅವರು ಹಾಡುಗಾರರೇ ಎಂದು ಕೇಳಿದರು. ಅಲ್ಲ. ನಟರೇ? ಅಲ್ಲ.

ಕಪಾಟಿನ ವಿಷಯಕ್ಕೆ ಮರಳೋಣ. ಕಾಕನ ಅಂಗಡಿಯಲ್ಲೂ ಕಪಾಟುಗಳಿದ್ದವು. ಭಕ್ತಿಗೀತೆ ಒಂದು ಕಡೆ, ಮಾಪ್ಪಿಳ ಪಾಟ್ಟು ಒಂದು ಕಡೆ, ಭಾವಗೀತೆ, ಯಕ್ಷಗಾನ, ಸಿನಿಮಾ. ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ತತ್ವಪದಗಳ ಕ್ಯಾಸೆಟ್ ಬಂದಾಗ ಅದನ್ನು ಎಲ್ಲಿ ಇಡುವುದೆಂಬ ಪ್ರಶ್ನೆ ಎದ್ದಿತು. ಹೆಸರು ನೋಡಿ ಒಂದು ಕಡೆ ಇಡಬೇಕೆ, ಗುರು ಗೋವಿಂದ ಭಟ್ಟರನ್ನು ನೆನೆದು ಇನ್ನೊಂದು ಕಡೆ ಇಡಬೇಕೆ, ರಾಗ ಹಾಕಿದವರನ್ನು ನೋಡಿ ಭಾವಗೀತೆಯ ಸಾಲಿಗೆ ಸೇರಿಸಬೇಕೆ? 1889ರಲ್ಲಿ ತೀರಿಕೊಂಡ ಶರೀಫರು ಬದುಕಿಡೀ ಇದೇ ಪ್ರಶ್ನೆಯನ್ನು ಜನರಿಗೆ ಹಾಕಿದವರು. ಕಾಕ ಅದನ್ನು ಯಾವ ಕಪಾಟಿಗೂ ಹಾಕದೆ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟುಕೊಂಡರು, ಬಂದವರ ಕ್ಯಾಸೆಟ್ಟಿನಲ್ಲಿ ನಾಲ್ಕು ನಿಮಿಷ ಉಳಿದರೆ ಕೇಳದೆಯೇ ಒಂದು ತತ್ವಪದ ತುಂಬಿಸಿದರು. ಹೀಗೆ ಎಷ್ಟು ಮನೆಗಳಿಗೆ ಶರೀಫರು ಹೋದರೋ! ನಮ್ಮ ಮೊಬೈಲಿನಲ್ಲಿ ಇಂದು ಅದೇ ತತ್ವಪದ ಹುಡುಕಿದರೆ ಅದರ ಬೆನ್ನಿಗೆ ತಾನಾಗಿಯೇ ಬರುವುದು ಇನ್ನೊಂದು ತತ್ವಪದ, ಆಮೇಲೆ ಮತ್ತೊಂದು. ಶರೀಫರ ಪಕ್ಕದಲ್ಲಿ ಶರೀಫರೇ. ಕವ್ವಾಲಿಯ ಪಕ್ಕದಲ್ಲಿ ಕವ್ವಾಲಿಯೇ. ಜಾತ್ರೆಯಲ್ಲಿ ಬಳೆ ಅಂಗಡಿ ಇಟ್ಟವರನ್ನು ಎಬ್ಬಿಸುವ, ಬಾಡಿಗೆ ಮನೆಗೆ ಹೆಸರು ಕೇಳುವ ದಿನಗಳಲ್ಲಿ, ಯಾರ ದುರುದ್ದೇಶವೂ ಇಲ್ಲದೆ ಬರೀ ಲೆಕ್ಕದ ಬಲದಿಂದ ಕಿವಿಗಳಿಗೂ ಬೇಲಿ ಹಾಕಲಾಗುತ್ತಿದೆ ಎಂಬುದು ನಮ್ಮನ್ನು ಕಾಡುತ್ತದೆ.

ಕಾಕ ಈಗಿಲ್ಲ. ಆ ಓಣಿಯಲ್ಲಿ ಮೊಬೈಲಿಗೆ ಗಾಜು ಅಂಟಿಸುವ ಅಂಗಡಿಯಿದೆ.

ಶಾರ್ಜಾದಲ್ಲಿರುವ ನಮ್ಮ ಅಕ್ಕನ ಮಗ ಕಳೆದ ತಿಂಗಳು ಫೋನು ಮಾಡಿದಾಗ, "ಮಾಮ, ನೀವು ಕೇಳುವ ಹಾಡುಗಳನ್ನು ಕಳುಹಿಸಿ, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ಒಂದು ಗಂಟೆ ಕೂರಬೇಕು" ಎಂದ. ಒಂದು ಗಂಟೆಯೆಂದರೆ ಸಿ-60 ಕ್ಯಾಸೆಟ್ಟಿನ ಎರಡು ಬದಿ. ಹದಿನಾಲ್ಕು ಹಾಡು ಸಾಕೆಂದು ಲೆಕ್ಕ ಹಾಕಿದೆವು. ಬಸ್ಸು ಹೊರಡುವಾಗ ಇನ್ನೂ ಕತ್ತಲೆಯಂತೆ, ಹಾಗಾಗಿ ಮೊದಲಿಗೆ ಬಿಸ್ಮಿಲ್ಲಾ ಖಾನರ ಶಹನಾಯಿ. ಎರಡನೆಯದಕ್ಕೆ ಅವನ ಉಮ್ಮ ಒಲೆಯ ಮುಂದೆ ಗುನುಗುವ ಒಂದು ಹಳೆಯ ರಫಿ, ಅದು ಅವನಿಗೆ ಹಿಡಿಸದೆಂದು ಗೊತ್ತಿದೆ. ತಿನಾರಿವೆನ್ ಇದೆ, ಸುತ್ತಲೂ ಮರಳೇ ಇರುವಾಗ ಅದನ್ನು ಬಿಡುವುದು ಹೇಗೆ? ಹನ್ನೊಂದನೆಯದು ಜಾನ್ ಹರ್ಟ್. ಅದಾದ ಮೇಲೆ ಶರೀಫರು ಎಂದು ಮೊದಲು ಬರೆದುಕೊಂಡಿದ್ದೆವು, ಕೇಳಿ ನೋಡಿದರೆ ಹರ್ಟರ ಮೆಲುದನಿಯ ಬೆನ್ನಿಗೆ ಅಶ್ವತ್ಥರ ಏರುಕಂಠ ಹೊಡೆದಂತಾಗುತ್ತದೆ. ನಡುವೆ ಒಂದು ಹಾಡು ಬೇಕು, ಮೂರು ನಿಮಿಷ ಮೀರದ್ದು. ಬಾರದೋ ಎಂದು ಅವನು ಎರಡು ಸಲ ಕೇಳಿದ್ದಾನೆ. ಇನ್ನೂ ಹುಡುಕುತ್ತಿದ್ದೇವೆ.